ನಡುವೆ ಬಿಟ್ಟ ವರ್ಷ



ಹುಡುಗನೊಬ್ಬ ಓದು ನಿಲ್ಲಿಸಿ ಒಂದು ವರ್ಷ ಮನೆಯಲ್ಲಿದ್ದಾನೆಂದರೆ ನಮ್ಮ ನೆಂಟರಿಷ್ಟರು ದನಿ ತಗ್ಗಿಸಿ ವಿಚಾರಿಸುತ್ತಾರೆ. ವರ್ಷ ‘ಹಾಳಾಯಿತು’ ಎಂಬುದೇ ನಮ್ಮಲ್ಲಿ ವಾಡಿಕೆಯ ಮಾತು. ವೈದ್ಯನಾಗಬಯಸುವವನಿಗೆ ಇಲ್ಲಿ ನೀಟ್ ಪರೀಕ್ಷೆಯ 720ರಲ್ಲಿ ಬಂದ ಅಂಕಗಳೇ ಮುಖ್ಯ. ಬಿಟ್ಟ ವರ್ಷದಲ್ಲಿ ಅವನು ಏನು ಕಂಡ, ಯಾರಿಗೆ ಒದಗಿದ ಎಂದು ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಕೇಳುತ್ತಾರೆ. ಅಲ್ಲಿ ವೈದ್ಯಶಿಕ್ಷಣಕ್ಕೆ ಸೇರುವುದು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯ ಅನಂತರ. ಸೇರುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನಡುವೆ ಒಂದೆರಡು ವರ್ಷ ಬಿಟ್ಟಿರುತ್ತಾರೆ. ಬಹುತೇಕ ಕಾಲೇಜುಗಳಿಗೆ ಸಲ್ಲುವ ಸಾಮಾನ್ಯ ಅರ್ಜಿಯಲ್ಲಿ 15 ಚಟುವಟಿಕೆಗಳವರೆಗೆ ಬರೆಯಲು ಎಡೆಯುಂಟು. ಒಂದೊಂದಕ್ಕೂ ಗಂಟೆಗಳ ಲೆಕ್ಕ ಕೊಟ್ಟು 700 ಅಕ್ಷರಗಳೊಳಗೆ ವಿವರಿಸಬೇಕು. ಅವುಗಳಲ್ಲಿ ಮೂರನ್ನು ಅತ್ಯಂತ ಅರ್ಥಪೂರ್ಣವೆಂದು ಆರಿಸಿಕೊಂಡು ಇನ್ನಷ್ಟು ಬರೆಯಬಹುದು.

ನನ್ನ ತಂಗಿಯ ಮೊಮ್ಮಗನೊಬ್ಬ ಅಲ್ಲಿಯೇ ಹುಟ್ಟಿ ಬೆಳೆದವನು. ಪದವಿ ಮುಗಿಸಿ ಒಂದು ವರ್ಷ ಕಳೆದ ಮೇಲೆ ಅರ್ಜಿ ಬರೆದು, ಅದರ ಕರಡನ್ನು ದೂರವಾಣಿಯಲ್ಲಿ ನನಗೆ ಓದಿ ಹೇಳಿದ. ಪ್ರಯೋಗಾಲಯದ ಕೆಲಸ, ವೈದ್ಯರೊಬ್ಬರ ಜೊತೆ ನಿಂತು ನೋಡಿದ ಗಂಟೆಗಳು, ವಿದ್ಯಾರ್ಥಿ ಸಂಘದ ಕಾರ್ಯದರ್ಶಿತನ, ಎಲ್ಲವೂ ಇದ್ದವು.

“ಉಳಿದ ದಿನಗಳು ಎಲ್ಲಿ ಹೋದವಪ್ಪ?” ಎಂದೆ.

“ಅಪ್ಪನನ್ನು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ. ಅದು ಮನೆಯ ಕೆಲಸ, ಅಜ್ಜಾ, ಚಟುವಟಿಕೆಯಲ್ಲ.”

ಆ ಮನೆಯ ಕೆಲಸವನ್ನೇ ಕೆದಕಿ ಕೇಳಿದೆ. ಹುಡುಗನ ದನಿ ಬದಲಾಯಿತು. ಯಂತ್ರಕ್ಕೆ ಮೊದಲು ಒಮ್ಮೆ ತೂಕ, ಅನಂತರ ಒಮ್ಮೆ ತೂಕ. ಆ ವ್ಯತ್ಯಾಸ ಮೈಯಿಂದ ತೆಗೆದ ನೀರಿನದು. ಅವಸರದಲ್ಲಿ ಹೆಚ್ಚು ತೆಗೆದರೆ ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ. ಸೂಜಿಗೆಂದು ತೋಳಿನಲ್ಲಿ ಜೋಡಿಸಿದ ರಕ್ತನಾಳದ ಮೇಲೆ ಬೆರಳಿಟ್ಟು, ಅದರ ಸಣ್ಣ ಕಂಪನ ನಿಂತಿಲ್ಲವೆಂದು ದಿನವೂ ನೋಡಿಕೊಳ್ಳುವುದನ್ನು ದಾದಿಯೊಬ್ಬಳು ಕಲಿಸಿದ್ದಳು. ಉಪ್ಪಿನಕಾಯಿ ಬಿಡಲೊಲ್ಲದ ತಂದೆಯ ಮೇಲೆ ಒಂದು ದಿನ ಅವನು ರೇಗಿದ್ದನಂತೆ. ಉಪ್ಪು ಬಾಯಾರಿಕೆ ತರುತ್ತದೆ, ನೀರು ತೂಕವೇರಿಸುತ್ತದೆ ಎಂಬುದು ತಂದೆಗೂ ಗೊತ್ತಿತ್ತು. ಗೊತ್ತಿದ್ದೂ ರೋಗಿ ಏಕೆ ಮೀರುತ್ತಾನೆಂಬುದು ಮಗನಿಗೆ ಅಂದು ಮೊದಲ ಬಾರಿಗೆ ಅರ್ಥವಾಯಿತು.

ಮನೆಯವರ ಶುಶ್ರೂಷೆಯನ್ನೂ, ಹೊಟ್ಟೆಪಾಡಿಗೆ ಅಂಗಡಿಯಲ್ಲಿ ದುಡಿದುದನ್ನೂ ಆ ಅರ್ಜಿಯಲ್ಲಿ ಬರೆಯಬಹುದು. ಹಾಗೆಂದು ಬಿಟ್ಟ ವರ್ಷವೇನೂ ಎಲ್ಲವನ್ನೂ ತೊಳೆಯುವ ತೀರ್ಥವಲ್ಲ. ವಿಜ್ಞಾನದ ಅಂಕಗಳು ಸೊರಗಿದ್ದರೆ ಆಸ್ಪತ್ರೆಯ ಸೇವೆ ಅದನ್ನು ತುಂಬಲಾರದು. ಮತ್ತೆ ತರಗತಿಯಲ್ಲಿ ಕುಳಿತು ಕಲಿತು ತೋರಿಸಬೇಕು. ಅಪರಿಚಿತ ರೋಗಿಗಳ ನಡುವೆ ಕಳೆದ ಕಾಲವನ್ನೂ ಆಯ್ಕೆ ಸಮಿತಿಗಳು ನೋಡುತ್ತವೆ. ಇನ್ನು, ಜೂನ್ ಸುಮಾರಿಗೆ ಸಲ್ಲಿಸಿದ ಅರ್ಜಿ ಮರುವರ್ಷದ ಬೇಸಗೆಯ ಕೊನೆಯ ಪ್ರವೇಶಕ್ಕೆ. ಮುಂದೆ ಮಾಡಲಿರುವ ಕೆಲಸವನ್ನು ನಿರೀಕ್ಷೆಯ ಗಂಟೆಗಳೆಂದೇ ತೋರಿಸಬೇಕು. ಮಾಡಿದ ಕೆಲಸಕ್ಕಿರುವ ತೂಕ ಮಾಡಲಿರುವುದಕ್ಕೆ ಎಲ್ಲಿಂದ ಬರಬೇಕು?

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಅನಂತರ, “ಅಪ್ಪನ ಕಾಯಿಲೆಯನ್ನು ಮಾರಿಕೊಂಡಂತೆ ಆಗುವುದಿಲ್ಲವೇ?” ಎಂದು ಕೇಳಿದ.

ಆ ಪ್ರಶ್ನೆ ಅವನಲ್ಲಿ ಹುಟ್ಟಿದ್ದು ನನಗೆ ಸಂತೋಷವನ್ನೇ ತಂದಿತು. ಓದುವವರ ಕರುಣೆಗಾಗಿ ಬರೆದರೆ ಅದು ಮಾರಾಟವೇ ಸರಿ. ತಾನು ಏನು ಮಾಡಿದೆ, ಎಲ್ಲಿ ತಪ್ಪಿದೆ, ಏನನ್ನು ತಿದ್ದಿಕೊಂಡೆ ಎಂದು ಬರೆದರೆ ಅದು ಸಾಕ್ಷ್ಯ. ಕಾಯಿಲೆ ತಂದೆಯದು, ಕಲಿತ ಪಾಠ ಮಗನದು. ಆದರೂ ಅಪ್ಪಣೆ ಕೊಡಬೇಕಾದವನು ತಂದೆ. “ಅವನನ್ನೇ ಕೇಳು” ಎಂದೆ.

ಮರುದಿನ ಉತ್ತರ ಬಂತು. ತಂದೆ ಬರಹವನ್ನು ಓದಿ, ಒಂದೆಡೆ ಗೆರೆ ಎಳೆದು ಹೇಳಿದನಂತೆ: “ನೀನು ರೇಗಿದ್ದನ್ನು ಬಿಟ್ಟಿದ್ದೀಯೆ. ಅದನ್ನೂ ಸೇರಿಸು.”

ಹುಡುಗ ಸೇರಿಸಿದ. ಆ ವರ್ಷ ಅವನಿಗೆ ಸೀಟು ದೊರೆಯಲಿಲ್ಲ, ಮರುವರ್ಷ ದೊರೆಯಿತು. ಸಂದರ್ಶನದಲ್ಲಿ ವೃದ್ಧ ವೈದ್ಯರೊಬ್ಬರು ಕಾರ್ಯದರ್ಶಿತನದ ಮಾತೆತ್ತದೆ ಉಪ್ಪಿನಕಾಯಿಯ ಸಂಗತಿಯನ್ನೇ ಕೇಳಿದರಂತೆ.