ಮಕ್ಕಳೊಡನೆ ಗೋದಾವರಿಯವರೆಗೆ



ಕವಿರಾಜಮಾರ್ಗವು ನಮ್ಮ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯೆಂದು ಹೇಳಿದೆ. ನಾಸಿಕದಲ್ಲಿ ಆ ನದಿಯನ್ನು ಕಂಡಾಗ ನಮಗಾದರೋ ಎಲ್ಲೆಗಿಂತ ತಲೆಯೆಣಿಕೆಯೇ ದೊಡ್ಡದಾಯಿತು. ಜೊತೆಯಲ್ಲಿ ನೀರಿಗಿಳಿಯಲು ತವಕಿಸುವ 40 ಮಕ್ಕಳು! ಮನೆಯಲ್ಲಿ ನಮ್ಮ ಕೂಸಿಗೆ ಜ್ವರ. "ಪರರ ಮಕ್ಕಳನ್ನು ಒಪ್ಪಿಕೊಂಡಿದ್ದೀರಿ, ಹೋಗಿಬನ್ನಿ" ಎಂದು ಮನೆಯವರೇ ಅವಲಕ್ಕಿ ಕಟ್ಟಿಕೊಟ್ಟಿದ್ದರು. ಮೇಷ್ಟರ ಸಂಸಾರವೇ ಹಾಗೆ.

ಮರುದಿನ ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದು), ಅಲ್ಲಿಂದ ಎಲ್ಲೋರ. ರಾಷ್ಟ್ರಕೂಟ ಒಂದನೆಯ ಕೃಷ್ಣನು 8ನೆಯ ಶತಮಾನದಲ್ಲಿ ಮಾಡಿಸಿದ ಕೈಲಾಸವನ್ನು ಬಂಡೆಯ ನೆತ್ತಿಯಿಂದ ಕೆಳಕ್ಕೆ ಕಡೆದಿದ್ದಾರೆ. "ಕಡೆದವರ ಮಕ್ಕಳನ್ನು ಯಾರು ನೋಡಿಕೊಂಡರು, ಮೇಷ್ಟ್ರೇ?" ಎಂದಳೊಬ್ಬಳು. ಬರೋಡೆಯ ತಾಮ್ರಶಾಸನದಲ್ಲಿ ಶಿಲ್ಪಿಯ ಬೆರಗಿದೆ. ಅವನ ಮನೆಯ ಸುದ್ದಿಯಿಲ್ಲ. ಸಂಜೆ ಮನೆಗೆ ಫೋನು ಮಾಡಿದೆವು. ಜ್ವರ ಇಳಿದಿತ್ತು.