ಹಿತ್ತಾಳೆ ಬೋಗುಣಿಯ ಹಾಲು

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಹಿರಿಯ ಸದಸ್ಯರೂ ವೈದ್ಯರೂ ಆದ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ನಿಧಿಗೆ ಬರುವ ಅರ್ಜಿಗಳನ್ನು ಓದುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹೃದಯದ ಅರ್ಜಿ ಬರುತ್ತದೆ, ಕಿಡ್ನಿಯದು ಬರುತ್ತದೆ, ಕ್ಯಾನ್ಸರಿನದು ಬರುತ್ತದೆ. ಲಿವರ್ ಕಾಯಿಲೆಯ ಅರ್ಜಿಗಳಲ್ಲಿ ಮಾತ್ರ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: "ಹೋದ ತಿಂಗಳವರೆಗೆ ಏನೂ ತೊಂದರೆ ಇರಲಿಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ತೊಂದರೆ ಹತ್ತು ವರ್ಷದಿಂದ ಇತ್ತು, ಗೊತ್ತಾದದ್ದು ಹೋದ ತಿಂಗಳು. ಈ ಹತ್ತು ವರ್ಷದ ಬಗ್ಗೆಯೇ ಇವತ್ತು ಮಾತಾಡಬೇಕು ಅಂದುಕೊಂಡಿದ್ದೇನೆ. ನಮ್ಮ ಮನೆಯ ಒಂದು ಸಂಗತಿಯಿಂದ ಶುರು ಮಾಡುತ್ತೇನೆ.

ನಮ್ಮದು ಧಾರವಾಡ ಕಡೆ. 1961ರಲ್ಲಿ ನನಗೆ ಏಳು ವರ್ಷ, ನನ್ನ ತಮ್ಮನಿಗೆ ಒಂದೂವರೆ. ಅವನು ಹುಟ್ಟಿದ ಎರಡನೇ ತಿಂಗಳಿಗೆ ಅವ್ವನಿಗೆ ವಿಷಮಶೀತ ಜ್ವರ ಬಂತು. ಎದೆಹಾಲು ನಿಂತುಹೋಯಿತು. ಮನೆಯ ಆಕಳ ಹಾಲನ್ನು ಕಾಸಿ ಕುಡಿಸತೊಡಗಿದರು. ಹಾಲು ಕಾಯುತ್ತಿದ್ದದ್ದು ಅಜ್ಜಿಯ ಹಿತ್ತಾಳೆ ಬೋಗುಣಿಯಲ್ಲಿ. ಕಾಸಿದ ಹಾಲು ರಾತ್ರಿಯವರೆಗೆ ಅದರಲ್ಲೇ ಇರುತ್ತಿತ್ತು. ಕೂಸು ಮೊದಲು ದುಂಡಗೆ ಇತ್ತು. ವರ್ಷ ತುಂಬಿದ ಮೇಲೆ ಕಿರಿಕಿರಿ, ಸಣ್ಣ ಜ್ವರ, ಹೊಟ್ಟೆ ಉಬ್ಬರ. ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟರೆ ಕಲ್ಲಿನಂತೆ ಗಟ್ಟಿ. ಓಣಿಯವರು "ಕೂಸಿಗೆ ಲಿವರ್ ಆಗ್ಯದ" ಅಂದರು. ಆಗ ಅದು ಎಲ್ಲರಿಗೂ ಗೊತ್ತಿದ್ದ ಮಾತು. ಔಷಧಿ ತಂದರು, ಹರಕೆ ಹೊತ್ತರು. ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ದೀಪಾವಳಿಗೆ ಮುಂಚೆ ತಮ್ಮ ಹೋದ.

ಈ ಸಭೆಯಲ್ಲಿ ಅರವತ್ತು ದಾಟಿದವರಲ್ಲಿ ಕೆಲವರಿಗೆ ಇಂಥ ಒಂದು ಕೂಸಿನ ನೆನಪು ಇರಬಹುದು. ಒಂದೇ ಮನೆಯಲ್ಲಿ ಎರಡು, ಮೂರು ಮಕ್ಕಳು ಹೀಗೆ ಹೋದದ್ದೂ ಉಂಟು. 1887ರಲ್ಲೇ ಕಲ್ಕತ್ತಾದ ವೈದ್ಯರೊಬ್ಬರು ಈ ಕಾಯಿಲೆಯನ್ನು ವರ್ಣಿಸಿದ್ದರು. ನಮ್ಮ ದೇಶದ ಮಕ್ಕಳಲ್ಲೇ ಹೆಚ್ಚಾಗಿ ಕಂಡದ್ದರಿಂದ ವೈದ್ಯರ ಪುಸ್ತಕದಲ್ಲಿ ಇದಕ್ಕೆ 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್' ಎಂದೇ ಹೆಸರು. ಕಾರಣ ಮಾತ್ರ ನೂರು ವರ್ಷ ಸಿಗಲಿಲ್ಲ. ವೈರಸ್ ಅಂದರು, ವಂಶದ್ದು ಅಂದರು, ತಾಯಿಯ ಆಹಾರ ಅಂದರು. ಬಡವರಿಗಿಂತ ಹಾಲು ಕುಡಿಸುವ ಅನುಕೂಲವಿದ್ದ ಮನೆಗಳಲ್ಲೇ ಹೆಚ್ಚು ಕಾಣುತ್ತಿದ್ದದ್ದು ಯಾರಿಗೂ ಅರ್ಥವಾಗಿರಲಿಲ್ಲ.

ಆ ಗಂಟು ಬಿಡಿಸುವ ಕೆಲಸದ ದೊಡ್ಡ ಭಾಗ ನಡೆದದ್ದು ನಮ್ಮ ಈ ಪುಣೆಯಲ್ಲಿ, ರಾಸ್ತಾ ಪೇಟೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಮಕ್ಕಳ ವೈದ್ಯರಾದ ಡಾ. ಆನಂದ್ ಪಂಡಿತ್, ಡಾ. ಶೀಲಾ ಭಾವೆ ಮತ್ತು ಇಂಗ್ಲೆಂಡಿನ ಡಾ. ಸ್ಟುವರ್ಟ್ ಟ್ಯಾನರ್ ಜೊತೆಯಾಗಿ ಕೆಲಸ ಮಾಡಿದರು. ಕಾಯಿಲೆ ಬಿದ್ದ ಮಕ್ಕಳ ಲಿವರಿನ ಚೂರನ್ನು ಪರೀಕ್ಷೆ ಮಾಡಿದಾಗ ಅದರಲ್ಲಿ ತಾಮ್ರ ಸಾಮಾನ್ಯಕ್ಕಿಂತ ಹತ್ತಾರು ಪಟ್ಟು ಇತ್ತು. 1979ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅಷ್ಟು ತಾಮ್ರ ಬಂದದ್ದು ಎಲ್ಲಿಂದ? ತಾಯಂದಿರನ್ನು ಕೂರಿಸಿಕೊಂಡು ಕೇಳಿದರು: ಎಷ್ಟನೇ ತಿಂಗಳಿಗೆ ಮೇಲಿನ ಹಾಲು ಶುರು ಮಾಡಿದಿರಿ, ಯಾವ ಪಾತ್ರೆಯಲ್ಲಿ ಕಾಸಿದಿರಿ, ಯಾವುದರಲ್ಲಿ ಇಟ್ಟಿರಿ? ಕಾಯಿಲೆಯ ಮಕ್ಕಳಿಗೆ ಬೇರೆ ಮಕ್ಕಳಿಗಿಂತ ಬೇಗ ಮೇಲಿನ ಹಾಲು ಶುರುವಾಗಿತ್ತು, ಅದು ಹಿತ್ತಾಳೆಯಲ್ಲಿ ಕಾಸಿ ಇಟ್ಟ ಹಾಲಾಗಿತ್ತು. 1983ರಲ್ಲಿ ಈ ಮಾತೂ ಅದೇ ಪತ್ರಿಕೆಯಲ್ಲಿ ಬಂತು.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಕಲಾಯಿ ಇದ್ದರೆ ಹಾಲಿಗೂ ತಾಮ್ರಕ್ಕೂ ನಡುವೆ ತವರದ ಪದರ ಇರುತ್ತದೆ. ಕಲಾಯಿ ಸವೆದರೆ, ಅಥವಾ ಹಾಕಿಸದೇ ಇದ್ದರೆ, ತಾಮ್ರ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎದೆಹಾಲಿನಲ್ಲಾದರೆ ತಾಮ್ರ ಬಹಳ ಕಡಿಮೆ.

ಈಗ ಲಿವರಿನ ಒಳಗೆ ಏನಾಗುತ್ತದೆ ನೋಡೋಣ. ತಾಮ್ರ ದೇಹಕ್ಕೆ ಸ್ವಲ್ಪ ಬೇಕು. ಹೆಚ್ಚಾದದ್ದನ್ನು ಲಿವರ್ ಪಿತ್ತರಸದ ಮೂಲಕ ಹೊರಗೆ ಹಾಕುತ್ತದೆ. ಎಳೆಗೂಸಿನಲ್ಲಿ ಈ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ದಿನಾ ಬರುವ ತಾಮ್ರ ಜೀವಕೋಶದಲ್ಲೇ ಕೂಡಿಕೊಳ್ಳುತ್ತದೆ. ಮಿತಿ ಮೀರಿದಾಗ ಕೋಶದ ಶಕ್ತಿಕೇಂದ್ರವನ್ನೂ ಹೊರಪೊರೆಯನ್ನೂ ಸುಡತೊಡಗುತ್ತದೆ. ಕೋಶ ಸಾಯುತ್ತದೆ, ಸುತ್ತ ಉರಿಯೂತ ಆಗುತ್ತದೆ. ಉರಿಯೂತ ನಿಲ್ಲದಿದ್ದರೆ ಅಲ್ಲಿರುವ ಇನ್ನೊಂದು ಜಾತಿಯ ಕೋಶ ಎಚ್ಚೆತ್ತು ನಾರು ನೇಯುತ್ತದೆ. ನಮ್ಮ ಚರ್ಮದ ಮೇಲೆ ಗಾಯ ಮಾಯ್ದ ಕಲೆ ಇರುತ್ತದಲ್ಲ, ಅಂಥದೇ ಕಲೆ ಲಿವರಿನ ತುಂಬ. ಕೊನೆಗೆ ಲಿವರ್ ಗಂಟು ಗಂಟಾಗುತ್ತದೆ. ಅದಕ್ಕೇ ಸಿರೋಸಿಸ್ ಅನ್ನುವುದು. ರಕ್ತ ಒಳಗೆ ಸರಾಗವಾಗಿ ಹರಿಯದೆ ಹಿಂದಕ್ಕೆ ಒತ್ತುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುತ್ತವೆ, ರಕ್ತವಾಂತಿ ಆಗುತ್ತದೆ.

ಒಂದೇ ಪಾತ್ರೆಯ ಹಾಲು ಕುಡಿದ ಎಲ್ಲ ಮಕ್ಕಳಿಗೂ ಕಾಯಿಲೆ ಬರಲಿಲ್ಲ ಎಂಬುದು ನಿಜ. ಕೆಲವು ಮನೆತನಗಳಲ್ಲಿ ತಾಮ್ರ ತಾಳುವ ಶಕ್ತಿ ಹುಟ್ಟಿನಿಂದಲೇ ಕಡಿಮೆ ಇದ್ದಿರಬೇಕು. ಆದರೆ ವಂಶವನ್ನು ಬದಲಿಸಲು ಆಗುವುದಿಲ್ಲ, ಪಾತ್ರೆಯನ್ನು ಬದಲಿಸಬಹುದು. ಪುಣೆಯ ವೈದ್ಯರು ಮಾಡಿದ್ದೂ ಅದನ್ನೇ. ಎದೆಹಾಲು ಕೊಡಿ, ಮೇಲಿನ ಹಾಲನ್ನು ಸ್ಟೀಲ್ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಸಿ ಎಂದು ಮನೆಮನೆಗೆ ತಿಳಿಸಿದರು. ಕಾಯಿಲೆ ಬೇಗ ಗೊತ್ತಾದ ಮಕ್ಕಳಿಗೆ ತಾಮ್ರ ಹೊರಹಾಕುವ ಪೆನಿಸಿಲ್ಲಮಿನ್ ಮಾತ್ರೆ ಕೊಟ್ಟರು. ಅವರಲ್ಲಿ ಹಲವರು ಬದುಕಿದರು. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಬಂದವರಲ್ಲಿ ಹೆಚ್ಚಿನವರನ್ನು ಉಳಿಸಲಾಗಲಿಲ್ಲ. ಇವತ್ತು ಈ ಕಾಯಿಲೆ ಕಾಣುವುದೇ ಅಪರೂಪ. ಆಸ್ಟ್ರಿಯಾದ ಟಿರೋಲ್ ಎಂಬ ಗುಡ್ಡಗಾಡಿನಲ್ಲೂ ಇದೇ ಕಥೆ. 1900ರಿಂದ 1974ರ ನಡುವೆ ಅಲ್ಲಿ 138 ಮಕ್ಕಳು ಹೀಗೇ ತೀರಿಕೊಂಡಿದ್ದರು. ಅಲ್ಲೂ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯ ಆಕಳ ಹಾಲು. ಪಾತ್ರೆ ಬದಲಾದವು, ಕಾಯಿಲೆ ಹೋಯಿತು.

ನಾನು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ 1980ರಲ್ಲಿ ಈ ಊರಿಗೆ ಬಂದವನು. ಈ ಸಂಶೋಧನೆಯ ವಿಷಯ ವೈದ್ಯರ ಸಭೆಯೊಂದರಲ್ಲಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಹೇಳಬಾರದಿತ್ತೇನೋ ಅಂತ ಇವತ್ತಿಗೂ ಅನ್ನಿಸುತ್ತದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ನನ್ನ ಕೈಯಾಗಿನ ಹಾಲ ಅವನ್ನ ತಿಂತೇನೋ?" ಅಂದಳು. "ಇಲ್ಲವ್ವ, ಆಗ ಡಾಕ್ಟರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ನೀನು ಆ ಬೋಗುಣಿ ಮುಟ್ಟುತ್ತಿದ್ದೆಯಾ?" ಅಂದೆ. ಅವಳು ಉತ್ತರ ಕೊಡಲಿಲ್ಲ. ಆದರೆ ಆಮೇಲೆ ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಹೋಗಿ, "ಕೂಸಿನ ಹಾಲ ಸ್ಟೀಲಿನಾಗ ಕಾಸ್ರಿ" ಅಂತ ಹೇಳಿ ಬರುತ್ತಿದ್ದಳು. ಬದುಕಿರುವವರೆಗೆ ಹೇಳಿದಳು.

ಈಗ ಕಸಬಾ ಪೇಟೆಯ ತಾಂಬಟ್ ಆಳಿಯ ತಾಮ್ರದ ಪಾತ್ರೆಗಳಿಗೆ ಮತ್ತೆ ಬೇಡಿಕೆ ಬಂದಿದೆ. ಸಂತೋಷ. ತಾಮ್ರದ ತಂಬಿಗೆಯ ನೀರಿಗೆ ದೊಡ್ಡವರು ಹೆದರಬೇಕಾಗಿಲ್ಲ. ಆದರೆ ಹಾಲು, ಮಜ್ಜಿಗೆ, ನಿಂಬೆ ಶರಬತ್ತು, ಹುಣಸೆ ಹುಳಿ ಹಾಕಿದ ಪದಾರ್ಥ ಕಲಾಯಿಯಿಲ್ಲದ ಪಾತ್ರೆಯಲ್ಲಿ ಬೇಡ. ಕೂಸಿನ ಹಾಲಂತೂ ಬೇಡವೇ ಬೇಡ.

ಹಿತ್ತಾಳೆ ಹೋಯಿತು, ಲಿವರ್ ಕಾಯಿಲೆ ಹೋಗಲಿಲ್ಲ. ಕಾರಣಗಳು ಬದಲಾದವು, ಒಳಗೆ ನಡೆಯುವ ದಾರಿ ಅದೇ: ಕೋಶಕ್ಕೆ ಪೆಟ್ಟು, ಉರಿಯೂತ, ನಾರು, ಸಿರೋಸಿಸ್. ಲಿವರಿನ ಒಳಗೆ ನೋವಿನ ನರಗಳಿಲ್ಲ, ಹೊರಪೊರೆಗೆ ಮಾತ್ರ ಇವೆ. ಬಹುಭಾಗ ಕೆಡುವವರೆಗೂ ಅದು ಕೆಲಸ ನಿಲ್ಲಿಸುವುದಿಲ್ಲ. ಹಾಗಾಗಿಯೇ "ಏನೂ ತೊಂದರೆ ಇರಲಿಲ್ಲ."

ನಮ್ಮ ನಿಧಿಗೆ ಬರುವ ಅರ್ಜಿಗಳ ಹಿಂದಿರುವ ಕಾರಣಗಳನ್ನು ಚಿಕ್ಕದಾಗಿ ಹೇಳುತ್ತೇನೆ.

ಮೊದಲನೆಯದು ಮದ್ಯ. ಲಿವರ್ ಅದನ್ನು ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ದುಬಾರಿ ಬಾಟಲಿಯಾದರೂ ಅಷ್ಟೇ, ಅಗ್ಗದ್ದಾದರೂ ಅಷ್ಟೇ.

ಎರಡನೆಯದು ಕೊಬ್ಬು. ಒಂದು ಹನಿ ಕುಡಿಯದವರಿಗೂ ಬರುತ್ತದೆ. ಹೊಟ್ಟೆ ಬಂದವರು, ಸಕ್ಕರೆ ಕಾಯಿಲೆಯವರು ಎಚ್ಚರ ವಹಿಸಬೇಕು. ಇನ್ಸುಲಿನ್ ಸರಿಯಾಗಿ ನಡೆಯದಿದ್ದಾಗ ಕೊಬ್ಬು ಲಿವರಿನಲ್ಲಿ ಶೇಖರವಾಗಿ, ಕೆಲವರಲ್ಲಿ ಉರಿಯೂತಕ್ಕೆ ತಿರುಗುತ್ತದೆ. ದೇಹದ ತೂಕದಲ್ಲಿ ಶೇ 7ರಿಂದ 10 ಇಳಿಸಿದರೆ ಉರಿಯೂತವೂ ಇಳಿಯುತ್ತದೆ. ಇದಕ್ಕೆ ದುಡ್ಡು ಬೇಡ, ದಿನಾ ನಡೆಯುವ ಮನಸ್ಸು ಬೇಕು.

ಮೂರನೆಯದು ಹೆಪಟೈಟಿಸ್ ಬಿ ಮತ್ತು ಸಿ. ರಕ್ತದಿಂದ, ಶುದ್ಧವಿಲ್ಲದ ಸೂಜಿಯಿಂದ, ತಾಯಿಯಿಂದ ಕೂಸಿಗೆ ಹರಡುತ್ತವೆ. ಬಿ ವೈರಸ್ ಲೈಂಗಿಕ ಸಂಪರ್ಕದಿಂದಲೂ ಬರುತ್ತದೆ. ಜೊತೆಗೆ ಕೂತು ಉಂಡರೆ, ಕೈ ಹಿಡಿದರೆ ಹರಡುವುದಿಲ್ಲ. ಬಿ ವೈರಸ್ ಹುಟ್ಟುವಾಗಲೇ ತಗುಲಿದರೆ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳ ದೇಹದಲ್ಲಿ ಉಳಿದುಬಿಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿದರೆ ಬಹುಪಾಲು ತಪ್ಪುತ್ತದೆ. ಸಿ ವೈರಸ್ಸಿಗೆ ಲಸಿಕೆ ಇಲ್ಲ, ಆದರೆ ಸುಮಾರು ಮೂರು ತಿಂಗಳ ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇವೆರಡರ ಪರೀಕ್ಷೆ, ಔಷಧಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ನಾಲ್ಕನೆಯದು ಹೊಲಸು ನೀರು. ಮಳೆಗಾಲದ ಕಾಮಾಲೆ ಬಹುಮಟ್ಟಿಗೆ ಹೆಪಟೈಟಿಸ್ ಎ ಅಥವಾ ಇ. 1955–56ರಲ್ಲಿ ದಿಲ್ಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆ ಬಂದಿತ್ತು. ಅದು ಇ ವೈರಸ್ ಎಂದು ಗೊತ್ತಾದದ್ದು ಬಹಳ ವರ್ಷಗಳ ನಂತರ. ನಮ್ಮ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಈ ವೈರಸ್ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದೆ. ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ಆದರೆ ದಿನ ತುಂಬುತ್ತಿರುವ ಗರ್ಭಿಣಿಗೆ ಇ ವೈರಸ್ ಜೀವಕ್ಕೇ ಅಪಾಯ. ಅವಳಿಗೆ ಕಾಮಾಲೆ ಕಂಡರೆ ಮನೆಮದ್ದಿಗೆ ಒಂದು ದಿನವನ್ನೂ ಕಳೆಯಬೇಡಿ.

ಐದನೆಯದು ಔಷಧಿಗಳು. ಪ್ಯಾರಾಸಿಟಮಾಲ್ ಹೇಳಿದಷ್ಟೇ ತೆಗೆದುಕೊಂಡರೆ ಒಳ್ಳೆಯ ಮಾತ್ರೆ. ಮಿತಿ ಮೀರಿದರೆ ಅದರಿಂದ ಹುಟ್ಟುವ ವಿಷವನ್ನು ತಣಿಸುವ ಗ್ಲುಟಾಥಿಯೋನ್ ಲಿವರಿನಲ್ಲಿ ಮುಗಿದುಹೋಗಿ, ಎರಡು ಮೂರು ದಿನದಲ್ಲೇ ಕೋಶಗಳು ಸಾಯುತ್ತವೆ. ನೆಗಡಿಯ ಮಾತ್ರೆಗಳಲ್ಲೂ ಅದೇ ಇರುತ್ತದೆ, ಚೀಟಿ ಓದಿ. ಕ್ಷಯದ ಮಾತ್ರೆ ನುಂಗುವವರಿಗೆ ಓಕರಿಕೆ ಬಂದರೆ, ಮೂತ್ರ ಚಹದ ಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಇನ್ನು ನೆಲನೆಲ್ಲಿ. ಎಲ್ಲರೂ ಕೇಳುತ್ತೀರಿ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಅವರೇ ಮದರಾಸಿನ ವಿಜ್ಞಾನಿಗಳ ಜೊತೆ ನೆಲನೆಲ್ಲಿಯ ಮೇಲೆ ಅಧ್ಯಯನ ಮಾಡಿ 1988ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದ್ದರು. ನಂತರದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಎ, ಇ ಕಾಮಾಲೆ ತಾನಾಗಿ ಇಳಿಯುವುದರಿಂದ ಹೆಸರು ಸೊಪ್ಪಿಗೆ ಬರುತ್ತದೆ. ನನಗೆ ಸೊಪ್ಪಿನ ಮೇಲೆ ಸಿಟ್ಟಿಲ್ಲ. ರಕ್ತಪರೀಕ್ಷೆ ಮಾಡಿಸದೆ ಕಳೆದುಹೋಗುವ ತಿಂಗಳುಗಳ ಬಗ್ಗೆ ಸಂಕಟ.

ಹೋದ ಮಳೆಗಾಲದಲ್ಲಿ ಭೋಸರಿಯಿಂದ ಒಂದು ಅರ್ಜಿ ಬಂತು. ಕಲಬುರಗಿ ಕಡೆಯವರು, ಕಟ್ಟಡ ಕೆಲಸ, ನಲವತ್ತರ ಆಸುಪಾಸು. ರಕ್ತವಾಂತಿಯಾಗಿ ಆಸ್ಪತ್ರೆಗೆ ಸೇರಿದಾಗಲೇ ಹೆಪಟೈಟಿಸ್ ಬಿ, ಸಿರೋಸಿಸ್ ಎಂದು ಗೊತ್ತಾದದ್ದು. ನಾವು ಕೊಟ್ಟ ಹಣ ಆಸ್ಪತ್ರೆಯ ಬಿಲ್ಲಿನ ಒಂದು ಮೂಲೆಗೂ ಸಾಲಲಿಲ್ಲ. ಆದರೆ ಅದೇ ವಾರ ಅವರ ಹೆಂಡತಿ, ಮಕ್ಕಳ ರಕ್ತಪರೀಕ್ಷೆ ಮಾಡಿಸಿದೆವು. ಹಿರಿಯ ಮಗನಿಗೂ ವೈರಸ್ ಇತ್ತು. ಹತ್ತೊಂಬತ್ತು ವರ್ಷ, ಲಿವರ್ ಇನ್ನೂ ಚೆನ್ನಾಗಿದೆ. ಅವನೀಗ ಸರ್ಕಾರಿ ಕೇಂದ್ರದಲ್ಲಿ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾನೆ. ಉಳಿದವರಿಗೆ ಲಸಿಕೆ ಆಯಿತು. ತಂದೆಗಾಗಿ ನಾವು ಮಾಡಿದ್ದು ಅಲ್ಪ. ಮಗನಿಗಾಗಿ ಮಾಡಿದ್ದು ಒಂದು ಜೀವಮಾನದಷ್ಟು, ಅದಕ್ಕೆ ತಗುಲಿದ್ದು ಕೆಲವೇ ನೂರು ರೂಪಾಯಿ.

ಅದಕ್ಕಾಗಿ ನಿಮ್ಮಲ್ಲಿ ಎರಡು ಕೋರಿಕೆ. ಲಿವರ್ ಕಸಿಗೆ ಹತ್ತಾರು ಲಕ್ಷ ಬೇಕು. ಅಂಥ ಕುಟುಂಬಗಳ ಕೈಬಿಡುವುದು ಬೇಡ. ಸರ್ಕಾರಿ ಯೋಜನೆ, ಬೇರೆ ಟ್ರಸ್ಟುಗಳ ಬಾಗಿಲು ತಟ್ಟಲು ಅವರ ಜೊತೆ ನಾವು ನಿಲ್ಲೋಣ, ನಮ್ಮ ಪಾಲು ಹಾಕೋಣ. ಅದರ ಜೊತೆಗೆ ನಿಧಿಯ ಒಂದು ಭಾಗವನ್ನು ತಪಾಸಣೆಗೆ ಎಂದೇ ಬೇರೆ ತೆಗೆದಿಡೋಣ. ಭೋಸರಿ, ಪಿಂಪ್ರಿ, ಹಡಪ್ಸರ ಕಡೆ ದುಡಿಯುವ ನಮ್ಮ ಜನರಿಗೆ ರಕ್ತಪರೀಕ್ಷೆ, ಅಗತ್ಯವಿದ್ದವರಿಗೆ ಸೋನೋಗ್ರಫಿ, ದೊಡ್ಡವರಿಗೂ ಲಸಿಕೆ. ಮಕ್ಕಳ ಹುಟ್ಟುಹಬ್ಬ, ಹಿರಿಯರ ಪುಣ್ಯತಿಥಿಯ ಹೆಸರಿನಲ್ಲಿ ಒಂದು ಕುಟುಂಬದ ಪರೀಕ್ಷೆಯ ಖರ್ಚು ಹೊತ್ತರೂ ಸಾಕು.

ಎರಡನೇ ಕೋರಿಕೆಗೆ ಹಣ ಬೇಡ. ನಮ್ಮ ಅವ್ವ ಮಾಡಿದ ಕೆಲಸ ಮಾಡಿ. ಇವತ್ತು ಕೇಳಿದ್ದರಲ್ಲಿ ಒಂದು ಮಾತನ್ನು ನಿಮ್ಮ ಮನೆಯ ಡ್ರೈವರನಿಗೆ, ಕೆಲಸದ ಬಾಯಿಗೆ, ಪಕ್ಕದ ಮನೆಯ ಬಸುರಿ ಹೆಣ್ಣುಮಗಳಿಗೆ ಹೇಳಿ. ತಮ್ಮನ ಹೆಸರಿನಲ್ಲಿ ಈ ವರ್ಷದ ನನ್ನ ಕಾಣಿಕೆಯನ್ನು ಖಜಾಂಚಿಗಳಿಗೆ ಕೊಟ್ಟಿದ್ದೇನೆ. ರಸೀದಿ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ.