ಅಂಗಡಿಯ ಕಸವೂ ಒಂದು ಅಮಾನತ್ತು
(ಜುಮಾ ಪ್ರವಚನದ ಸಾರಾಂಶ)



ಪ್ರವಾದಿವರ್ಯರು(ಸ) ಒಮ್ಮೆ ಸತ್ತು ಬಿದ್ದಿದ್ದ ಒಂದು ಕುರಿಯನ್ನು ಕಂಡರು. ಹಝ್ರತ್ ಮೈಮೂನಾ(ರ)ರ ವಿಮೋಚಿತ ದಾಸಿಗೆ ಸದಕಾ ರೂಪದಲ್ಲಿ ಸಿಕ್ಕಿದ್ದ ಕುರಿ ಅದು. ಅದರ ಚರ್ಮವನ್ನಾದರೂ ನೀವೇಕೆ ಬಳಸಿಕೊಳ್ಳಲಿಲ್ಲವೆಂದು ಅವರು ಕೇಳಿದರು. ಅದು ಸತ್ತ ಪ್ರಾಣಿಯೆಂದು ಜನರು ಹೇಳಿದಾಗ, ನಿಷಿದ್ಧವಾಗಿರುವುದು ಅದನ್ನು ತಿನ್ನುವುದು ಮಾತ್ರ ಎಂದು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ.

ಬಿಸಾಡುವ ಮೊದಲು ಅದರಲ್ಲಿ ಉಳಿದಿರುವ ಉಪಯೋಗವನ್ನು ನೋಡಬೇಕೆಂಬ ಪಾಠ ಇದರಲ್ಲಿದೆ. ಕುರ್ಬಾನಿಯ ಚರ್ಮವನ್ನು ನಾವು ಜೋಪಾನವಾಗಿ ಮದ್ರಸಾಕ್ಕೆ ತಲುಪಿಸುತ್ತೇವೆ. ಆದರೆ ವರ್ಷವಿಡೀ ನಮ್ಮ ಅಂಗಡಿಗಳಿಂದ ಹೊರಬೀಳುವ ರಟ್ಟು, ಪ್ಲಾಸ್ಟಿಕ್, ಬಾಟಲಿ, ಬಟ್ಟೆಯ ಚೂರು ಎಲ್ಲಿಗೆ ಹೋಗುತ್ತವೆ? ರಾತ್ರಿ ಶಟರ್ ಎಳೆಯುವಾಗ ಎಲ್ಲವನ್ನೂ ಒಟ್ಟಿಗೆ ಗುಡಿಸಿ ಗಟಾರಿಗೆ ತಳ್ಳುತ್ತೇವೆ, ಇಲ್ಲವೇ ಬೆಂಕಿ ಹಚ್ಚುತ್ತೇವೆ.

ಗಟಾರಿಗೆ ಬಿದ್ದದ್ದು ಮಳೆ ಬಂದಾಗ ಹಳ್ಳ ಸೇರಿ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ನಮ್ಮ ಹೊಳೆ ಕೃಷ್ಣೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಈ ಭಾಗದ ರೈತರು ಸರಕಾರದ ಹಣಕ್ಕೆ ಕಾಯದೆ, ತಾವೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಬೆವರು ಸುರಿಸಿ ಹಿಡಿದಿಟ್ಟ ಆ ನೀರಿಗೆ ನಮ್ಮ ಕಸ ಸೇರಬಹುದೇ? ನೀರಿನ ತಾಣ, ಜನ ನಡೆದಾಡುವ ದಾರಿ, ನೆರಳು ಈ ಮೂರನ್ನು ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಶಾಖೆಯೆಂದೂ ಕಲಿಸಿದ್ದಾರೆ.

ಸಣ್ಣ ವ್ಯಾಪಾರಿಯಿಂದ ಏನಾದೀತು ಎನ್ನುವವರು ಬೆಂಗಳೂರಿನ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರನ್ನು ನೋಡಬೇಕು. ಅವರದು ಪ್ಲಾಸ್ಟಿಕ್ ಚೀಲ ತಯಾರಿಸುವ ಉದ್ಯಮವಾಗಿತ್ತು. ಪ್ಲಾಸ್ಟಿಕ್ ಕಸದ ಬಗ್ಗೆ ಜನರ ದೂರು ಹೆಚ್ಚಿದಾಗ ಅವರು ಅದಕ್ಕೊಂದು ದಾರಿ ಹುಡುಕಿದರು. ಬಳಸಿ ಬಿಸಾಡಿದ ಪ್ಲಾಸ್ಟಿಕನ್ನು ಚೂರು ಮಾಡಿ ಡಾಂಬರಿನಲ್ಲಿ ಬೆರೆಸುವ ವಿಧಾನವನ್ನು ರೂಪಿಸಿ, ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅದರ ಪರೀಕ್ಷೆ ನಡೆಸಿದರು. ಬೆಂಗಳೂರಿನ ರಸ್ತೆಗಳಿಗೆ ಆ ಮಿಶ್ರಣ ಬಳಕೆಯಾಯಿತು. ಚಿಂದಿ ಆಯುವವರು ತಂದ ಪ್ಲಾಸ್ಟಿಕಿಗೆ ಬೆಲೆ ಬಂತು.

ನಮ್ಮಿಂದ ರಸ್ತೆ ಮಾಡಲಾಗದಿರಬಹುದು. ಕಸವನ್ನು ಬೇರೆ ಮಾಡಿಡಲು ಮಾತ್ರ ಯಾರಿಂದಲೂ ಆಗುತ್ತದೆ. ಒಣಗಿದ ರಟ್ಟನ್ನು ಗುಜರಿಯವರು ತೂಕ ಮಾಡಿ ಕೊಳ್ಳುತ್ತಾರೆ. ಅದರ ಮೇಲೆ ಚಹಾದ ಚರಟ, ಸಾರು ಚೆಲ್ಲಿದರೆ ಅದು ಬರೀ ಕಸ. ಆದ್ದರಿಂದ ಅಂಗಡಿಯಲ್ಲಿ ಎರಡು ಡಬ್ಬಿ ಇಡಿ, ಒಂದು ಹಸಿ ಕಸಕ್ಕೆ, ಒಂದು ಒಣ ಕಸಕ್ಕೆ. ಹೋಟೆಲಿನ ತರಕಾರಿ ಸಿಪ್ಪೆ, ಹಣ್ಣಿನ ಗಾಡಿಯ ಕೊಳೆತ ಹಣ್ಣು ಗೊಬ್ಬರವಾಗಲಿ. ಮಾಂಸದಂಗಡಿಯ ಉಳಿಕೆಯನ್ನು ಮುಚ್ಚಿದ ಬಕೀಟಿನಲ್ಲಿಟ್ಟು ಪುರಸಭೆಯ ಗಾಡಿಗೆ ಕೊಡಿ, ನಾಯಿಗಳಿಗೆ ಬೀದಿಯಲ್ಲಿ ಚೆಲ್ಲಬೇಡಿ. ರಬಕವಿ-ಬನಹಟ್ಟಿಯ ಮಗ್ಗಗಳ ತುಂಡು ನೂಲು, ಟೇಲರ್ ಅಂಗಡಿಯ ಹತ್ತಿ ಬಟ್ಟೆಯ ಚೂರು ಗ್ಯಾರೇಜಿನಲ್ಲಿ ಯಂತ್ರ ಒರೆಸಲು ಬೇಕಾಗುತ್ತವೆ. ಗ್ಯಾರೇಜಿನವರು ಹಳೇ ಇಂಜಿನ್ ಆಯಿಲನ್ನು ನೆಲಕ್ಕೆ ಸುರಿಯದೆ ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಶುದ್ಧೀಕರಿಸುವ ಪರವಾನಗಿ ಇದ್ದವರಿಗೆ ಕೊಡಲಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿಡಿ. ಕಸಕ್ಕೆ ಕೈ ಹಾಕುವವರೂ ಯಾರದೋ ಮನೆಯ ಮಕ್ಕಳೇ.

ಪ್ಲಾಸ್ಟಿಕ್ಕಿಗೆ ಬೆಂಕಿ ಹಚ್ಚುವುದನ್ನಂತೂ ಇಂದೇ ನಿಲ್ಲಿಸಿ. ಆ ವಿಷದ ಹೊಗೆ ನೆರೆಮನೆಯ ಹಸುಗೂಸಿನ ಎದೆ ಸೇರುತ್ತದೆ. ನೆರೆಯವರಿಗೆ ಕಿರುಕುಳ ಕೊಟ್ಟು ಗಳಿಸಿದ ಲಾಭದಲ್ಲಿ ಬರಕತ್ತು ಎಲ್ಲಿಂದ ಬರಬೇಕು? ಕಸವನ್ನು ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೂ ಹೇಳಿದವು. ತೆಳು ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ದಂಡದ ಭಯಕ್ಕಿಂತ ಅಲ್ಲಾಹನ ಭಯದಿಂದ ಪಾಲಿಸುವುದು ಮೋಮಿನನಿಗೆ ಶೋಭೆ.

ಗುಜರಿ ವ್ಯಾಪಾರ ಮಾಡುವ ಸಹೋದರರು ನಮ್ಮ ಸಫ್ಫಿನಲ್ಲೇ ನಿಲ್ಲುತ್ತಾರೆ. ಅವರ ಕೆಲಸವನ್ನು ಕೀಳಾಗಿ ಕಾಣಬೇಡಿ. ಊರಿನ ಹೊರೆಯನ್ನು ಇಳಿಸಿ ಹಲಾಲ್ ಅನ್ನ ಉಣ್ಣುವವರು ಅವರು. ಮೊಹಲ್ಲಾದ ಹತ್ತು ಅಂಗಡಿಯವರು ಕೂಡಿ ಒಂದು ದಿನ ಗೊತ್ತು ಮಾಡಿಕೊಂಡರೆ ಅವರು ಬಾಗಿಲಿಗೇ ಬಂದು ಒಯ್ಯುತ್ತಾರೆ. ಬಂದ ಹಣವನ್ನು ಬಡ ಮಕ್ಕಳ ಪುಸ್ತಕಕ್ಕೆ ಕೊಟ್ಟರೆ ಅದೂ ಸದಕಾ.

ಭೂಮಿಯಲ್ಲಿ ಕ್ಷೋಭೆ ಹರಡದವರ, ದುಂದು ಮಾಡದವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ನಮ್ಮ ವ್ಯಾಪಾರದಲ್ಲಿ ಬರಕತ್ತು ನೀಡಲಿ. ಆಮೀನ್.